ಕ್ಯಾಮೆರಾ ಮುಂದಿನ ನೆಲ

ಕಂಪ್ಯೂಟರಿನಲ್ಲಿ ಬೆಟ್ಟ, ಬಯಲು, ಕೆರೆ ಮಾಡುವುದು ನನ್ನ ಕೆಲಸ. ಮಕ್ಕಳ ಕಾರ್ಟೂನುಗಳಿಗೆ ಬೇಕಾದ ಹಿನ್ನೆಲೆಗಳನ್ನು ಹೊಸಕೋಟೆಯ ನಮ್ಮ ಮನೆಯಲ್ಲೇ ಕೂತು ಮಾಡಿ ಕಳಿಸುತ್ತೇನೆ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಒಂದು ಮೊಲದ ಕತೆಗೆ ದೃಶ್ಯ ಮಾಡಿದ್ದೆ: ಕೊಯ್ಲಾದ ರಾಗಿ ಹೊಲ, ಆಚೆ ಗುಡ್ಡದ ಸಾಲು. ನಮ್ಮ ತಂಡದ ಹಿರಿಯರು ಅದನ್ನು ನೋಡಿ ಫೋನ್ ಮಾಡಿದರು.

“ಗುಡ್ಡ ಸೂಪರ್ ಆಗಿದೆ. ಆದ್ರೆ ಚಿತ್ರದ ಮುಂಭಾಗದಲ್ಲಿ, ಕ್ಯಾಮೆರಾ ಹತ್ರದ ನೆಲ ಕೇರಂ ಬೋರ್ಡ್ ಥರ ಇದೆ ಕಣಮ್ಮ. ಕಣ್ಣು ಮೊದ್ಲು ಬೀಳೋದೇ ಅಲ್ಲಿ. ಸ್ವಲ್ಪ ಉಬ್ಬು ತಗ್ಗು ಮಾಡು.”

ಮಾಡಿದೆ. ಒದ್ದು ಬಿಸಾಕಿದ ಹೊದಿಕೆಯಂತೆ ಕಂಡಿತು. ನಿಜವಾದ ನೆಲವನ್ನೇ ನೋಡಿ ಬರೋಣವೆಂದು ಭಾನುವಾರ ಅನುಗೊಂಡನಹಳ್ಳಿಗೆ, ಸೋದರಮಾವನ ಹೊಲಕ್ಕೆ ಹೋದೆ.

ಮೊಲದ ಕಣ್ಣಿನ ಎತ್ತರ ಬೇಕಿತ್ತು. ಬೋರಲು ಮಲಗಿ ಫೋನನ್ನು ಮಣ್ಣಿಗೆ ತಾಗುವಂತೆ ಹಿಡಿದೆ. ಚಿಕ್ಕಂದಿನಿಂದ ಓಡಾಡಿದ ಆ ಹೊಲ ಚಪ್ಪಟೆಯಾಗಿಯೇ ಇರಲಿಲ್ಲ. ಒಂದೊಂದು ರಾಗಿ ಕೂಳೆಯ ಬುಡದಲ್ಲೂ ಮಣ್ಣು ಸಣ್ಣಗೆ ಏರಿತ್ತು. ನಡುವೆ ಮಳೆನೀರು ಹರಿದ ತಗ್ಗುಗಳೆಲ್ಲ ಬದುವಿನ ಕಡೆಗೆ ವಾಲಿದ್ದವು. ಫೋಟೋ ತೆಗೆಯುತ್ತ ಮೊಣಕೈ ಊರಿ ತೆವಳಿದೆ. ಎದುರಿಗೊಂದು ದುಂಡನೆಯ ಉಬ್ಬು ಕಂಡಿತು. ಒಣಗಿದ ಸಗಣಿ ಇರಬೇಕು ಅಂದುಕೊಂಡೆ. ಅದರ ನೆರಳು ಚೆನ್ನಾಗಿ ಬಿದ್ದಿತ್ತು. ಅದನ್ನೇ ನಡುವಿಗೆ ತಂದುಕೊಂಡು ಇನ್ನಷ್ಟು ಮುಂದೆ ಸರಿದೆ.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಮಾವನ ದನಿ ಬೆನ್ನ ಹಿಂದಿನಿಂದ ಬಂತು, ಬಹಳ ಮೆಲ್ಲಗೆ.

“ಅವ್ವಾ, ಅಲ್ಲಾಡ್ಬೇಡ. ಕೈ ಅಲ್ಲೇ ಇರ್ಲಿ.”

“ಯಾಕೆ ಮಾವ?”

“ಮಾತಾಡ್ಬೇಡ. ಮುಂದ್ಗಡೆ ಕೊಳಕ್‌ಮಂಡ್ಲ ಸುತ್ಕೊಂಡೈತೆ.”

ಫೋನಿನ ಪರದೆಯಲ್ಲಿ ಆ ಉಬ್ಬಿನ ಮೇಲಿನ ಕಂದು ಕಲೆಗಳು ಒಂದಕ್ಕೊಂದು ಸೇರಿ ಸರಪಳಿಯಾದವು. ಮರುಕ್ಷಣ ಕುಕ್ಕರಿನಿಂದ ಹಬೆ ನುಗ್ಗಿದಂಥ ಬುಸುಗುಟ್ಟುವ ಸದ್ದು. ಬಾಯೊಳಗೆ ಮಣ್ಣು ಹೋಗಿತ್ತು, ಉಗಿಯಲೂ ಆಗಲಿಲ್ಲ. ಕಣ್ಣು ಮುಚ್ಚಲೂ ಧೈರ್ಯ ಬರಲಿಲ್ಲ. ಮಾವ ಕಲ್ಲೆತ್ತಲಿಲ್ಲ, ಕೂಗಲಿಲ್ಲ, ನಿಂತಲ್ಲೇ ನಿಂತಿದ್ದರು. ಎಷ್ಟೋ ಹೊತ್ತಾದ ಮೇಲೆ ಹಾವು ಸುರುಳಿ ಬಿಚ್ಚಿ, ಅದೇ ತಗ್ಗಿನಲ್ಲಿ ಹರಿದು ಬದುವಿನ ಕಲ್ಲುಗಳ ಕಡೆ ಹೋಯಿತು.

ಮಾವ ರಟ್ಟೆ ಹಿಡಿದು ಎಬ್ಬಿಸಿದರು. ಬಾಯಲ್ಲಿದ್ದ ಮಣ್ಣು ಉಗಿದು ಅಲ್ಲೇ ಕೂತೆ. ಅವರೂ ಪಕ್ಕದಲ್ಲೇ ಕೂತು ಬೀಡಿ ಹಚ್ಚಲು ಹೊರಟರು. ಕಡ್ಡಿ ಕೈಯಿಂದ ಜಾರಿತು, ಇನ್ನೊಂದು ಮುರಿಯಿತು.

“ನೀನೇ ಗೀರವ್ವ,” ಎಂದು ಬೆಂಕಿಪೊಟ್ಟಣ ನನಗೆ ಕೊಟ್ಟರು. ನನ್ನಿಂದಲೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಆ ಫೋಟೋಗಳನ್ನು ತೆರೆಯದೆ, ನೆನಪಿನಿಂದಲೇ ನೆಲ ತಿದ್ದಿದೆ. ಕೂಳೆಯ ಬುಡಕ್ಕೆ ಮಣ್ಣು ಏರಿಸಿ, ತಗ್ಗುಗಳನ್ನು ಒಂದೇ ಕಡೆಗೆ ವಾಲಿಸಿದೆ. ಹಿರಿಯರು ಒಪ್ಪಿಕೊಂಡರು. ನಡೆದದ್ದನ್ನು ಅಮ್ಮನಿಗೆ ಮಾತ್ರ ಇವತ್ತಿಗೂ ನಾನು ಹೇಳಿಲ್ಲ, ಮಾವನೂ ಹೇಳಿಲ್ಲ.