ಊರು ಓಡಿದ್ದು ನಾಟಕಕ್ಕಲ್ಲ

ರೇಡಿಯೊ ನಾಟಕ ಕೇಳಿ ನಮ್ಮ ಊರಿಗೆ ಊರೇ ಹೆದರಿ ಓಡಿತು ಎಂಬ ಕಥೆಯನ್ನು ನೀವು ಕೇಳಿದ್ದರೆ, ಅದು ಸುಳ್ಳು. ಕಟ್ಟಿದವನು ನಾನು. ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ, ಪಾಠದ ಮಧ್ಯೆ — ಮೇಷ್ಟ್ರಾಗಿದ್ದವನು ನಾನು — ಮೀಸೆ ತಿರುವಿಕೊಂಡು ಹೇಳಿದ್ದೇನೆ, ಹೇಳಿ ನಗಿಸಿದ್ದೇನೆ. ಆ ನಗುವಿಗೆ ಒಬ್ಬ ಮನುಷ್ಯನ ಗಂಟಲು ಬಲಿಯಾಯಿತು ಎಂಬುದನ್ನು ಮಾತ್ರ ಎಲ್ಲೂ ಹೇಳಲಿಲ್ಲ.

ಆ ಗಂಟಲು ನನ್ನ ಗೆಳೆಯ, ರೊಳ್ಳ ಊರಿನ ಶಿವಣ್ಣನದು. ಹರೆಯದಲ್ಲಿ ಅವನು ಕೂಗಿದರೆ ಎತ್ತುಗಳು ಮೇವು ಬಿಟ್ಟು ತಲೆಯೆತ್ತುತ್ತಿದ್ದವು. ಅಂಥವನಿಗೆ ರೇಡಿಯೊ ನಾಟಕವೊಂದರಲ್ಲಿ ಪಾರ್ಟು ಸಿಕ್ಕಿತು — ಕೆರೆ ಏರಿ ಒಡೆಯುವುದನ್ನು ಕಂಡು ಊರನ್ನು ಎಚ್ಚರಿಸುವ ನೀರಗಂಟಿಯ ಪಾರ್ಟು. "ಏರಿ ಒಡೀತು, ಗುಡ್ಡ ಹತ್ರಪ್ಪೋ" ಎಂದು ಕೂಗಬೇಕು, ಅಷ್ಟೆ. ಆ ಒಂದು ಕೂಗನ್ನು ಅವನು ಹೊಲದಲ್ಲಿ ಎಷ್ಟು ಅಭ್ಯಾಸ ಮಾಡಿದನೆಂದರೆ, ಪಕ್ಕದ ಹೊಲದವರು ಕಿವಿಗೆ ಟವಲ್ ಸುತ್ತಿಕೊಂಡು ಕಳೆ ಕೀಳುತ್ತಿದ್ದರು.

ನಾಟಕ ಬಂದ ಮಧ್ಯಾಹ್ನ ಅಗಳಿ ಹತ್ತಿರದ ನಮ್ಮೂರಿನಲ್ಲಿ ಪಂಚಾಯ್ತಿ ಕಟ್ಟೆಯ ಮೇಲೆ ರೇಡಿಯೊ ಇಟ್ಟು, ನಾನೇ ಜನ ಸೇರಿಸಿದ್ದೆ. ಅದು ಕಡಲೇಕಾಯಿಯನ್ನು ಕಣದಲ್ಲಿ ಒಣಹಾಕಿದ್ದ ಕಾಲ. ನಾಟಕದಲ್ಲಿ ಯಾರು ಯಾರ ಮಗ ಎಂದು ತಿಳಿಯುವ ಮೊದಲೇ ಪಡುವಣದಲ್ಲಿ ಕಪ್ಪು ಮೋಡ ಎದ್ದಿತು. ಕಣದಲ್ಲಿ ಕಾಯಿ ಇದ್ದು ಮಳೆ ಮೋಡ ಎದ್ದರೆ ನಮ್ಮ ಕಡೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಬ್ಬ ಮೇಲೆ ನೋಡಿ ಎದ್ದರೆ ಸಾಕು, ಎಲ್ಲರೂ ಏಳುತ್ತಾರೆ. ಮೊದಲು ಸಿಕ್ಕ ಕಣ ಯಾರದಾದರೂ ಸರಿ, ಟಾರ್ಪಾಲಿನ ತುದಿ ಹಿಡಿದು ಕಾಯಿ ಮುಚ್ಚಬೇಕು, ತನ್ನದು ಆಮೇಲೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೂ ಪಂಚೆ ಎತ್ತಿ ಕಟ್ಟಿ ಓಡಿದ ಊರು ನಮ್ಮದು. ಕಟ್ಟೆ ಬರಿದಾಯಿತು. ರೇಡಿಯೊ ತನ್ನಷ್ಟಕ್ಕೆ ಮಾತಾಡುತ್ತಿತ್ತು.

ಮಾರನೆಯ ದಿನ ಮಡಕಶಿರಾ ಬಸ್ ಸ್ಟ್ಯಾಂಡಿನಲ್ಲಿ ಶಿವಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ನನಗಾಗಿ ಕಾದಿದ್ದ. "ಎಂಗಿತ್ಲಾ ನನ್ನ ಪಾರ್ಟು?" ಅಂದ. ಆ ಮುಖಕ್ಕೆ, ಯಾರೂ ಕೇಳಲಿಲ್ಲ ಎಂದು ಹೇಗೆ...

"ಊರೇ ಎದ್ದು ಓಡ್ತು ಕಣೋ" ಅಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವನ ಕಣ್ಣು ಅರಳಿದ್ದು ಕಂಡು ನನ್ನ ನಾಲಿಗೆಗೆ ರುಚಿ ಹತ್ತಿತು. ನಿನ್ನ ಕೂಗಿಗೆ ಜನ ಗುಡ್ಡ ಹತ್ತಿದರು ಅಂದೆ. ಓಡುವಾಗ ನಮ್ಮೂರ ತಿಮ್ಮಕ್ಕಜ್ಜಿ ಬಿದ್ದು ಕಾಲು ಮುರಿದುಕೊಂಡಳು ಎಂದೂ ಸೇರಿಸಿದೆ. ಅಜ್ಜಿ ಬಿದ್ದದ್ದು ನಿಜ — ಟಾರ್ಪಾಲು ತರಲು ಓಡುವಾಗ. ಕಾಲು ಉಳುಕಿತ್ತು, ಅಷ್ಟೆ.

ಶಿವಣ್ಣನ ಮುಖ ಸಣ್ಣಗಾಯಿತು. ಆ ವಾರವೇ ಬಾಳೆಹಣ್ಣು ಹಿಡಿದು ಅಜ್ಜಿಯನ್ನು ನೋಡಲು ಹೋದ. ಬಟ್ಟೆ ಸುತ್ತಿದ್ದ ಕಾಲು ನೋಡಿ ಹೇಗಾಯಿತೆಂದು ಕೇಳಿದ್ದಕ್ಕೆ ಆಕೆ, "ಓಡಕ್ ಹೋಗಿ ಬಿದ್ದೆ ಕಣಪ್ಪ" ಅಂದಳಂತೆ. ಯಾಕೆ ಓಡಿದೆ ಎಂದು ಅವನು ಕೇಳಲಿಲ್ಲ. ಕಾಯಿ ಕಣದಲ್ಲಿರುವಾಗ ಅದನ್ನು ಬಿಡಿಸಿ ಹೇಳುವ ಅಭ್ಯಾಸ ಆಕೆಗೂ ಇರಲಿಲ್ಲ. ಈ ಹುಡುಗ ಹಣ್ಣು ಯಾಕೆ ತಂದ ಎಂಬುದು ಸಾಯುವವರೆಗೂ ಅಜ್ಜಿಗೆ ತಿಳಿಯಲಿಲ್ಲ.

ಕಥೆ ಗುಡಿಬಂಡೆ ತಲುಪುವಷ್ಟರಲ್ಲಿ ಅದರಲ್ಲಿ ಸುತ್ತಲ ಊರುಗಳೂ ಓಡಿದ್ದವು. ನಮ್ಮೂರಿನವರೇ ಕ್ರಮೇಣ ನಂಬಿದರು. ಗುಡ್ಡವನ್ನು ಮೊದಲು ಹತ್ತಿದವರು ಯಾರು ಎಂದು ಜಗಳವಾಡಿದರು. ಅಂದು ಊರಲ್ಲೇ ಇಲ್ಲದವರೂ ಓಡಿದವರ ಸಾಲಿಗೆ ಸೇರಿಕೊಂಡರು.

ಮುಂದಿನ ನಾಟಕಕ್ಕೆ ಕರೆ ಬಂದಾಗ ಶಿವಣ್ಣ ಹೋಗಲಿಲ್ಲ. ಮುದುಕಿಯರ ಕಾಲು ಮುರಿಯುವ ಗಂಟಲು ನನಗೆ ಬೇಡ ಅಂದನಂತೆ. ಗೊಬ್ಬರದ ಅಂಗಡಿ ಹಾಕಿಕೊಂಡ. ಗಿರಾಕಿಗಳೊಂದಿಗೂ ಮೆಲ್ಲಗೆ ಮಾತಾಡುವವನಾದ — ಅವನಿಗೆ ಗಂಟಲ ಕಾಯಿಲೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ನಾಳೆ ಹೇಳೋಣ, ಹಬ್ಬ ಕಳೆಯಲಿ... ಅಷ್ಟರಲ್ಲಿ ಆ ಕಥೆ ನನಗೆ ಒಳ್ಳೆಯ ಮಾತುಗಾರನೆಂಬ ಹೆಸರು ತಂದುಕೊಟ್ಟಿತ್ತು. ಹೆಸರನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಈಚೆಗೆ ರಾಯದುರ್ಗದ ಹುಡುಗಿಯೊಬ್ಬಳು ಮನೆಗೆ ಬಂದಳು. ಹಳೆಯ ಸಂಗತಿಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವವಳು. ಅವಳ ಊರು ತಲುಪಿದ ನನ್ನ ಕಥೆಯಲ್ಲಿ ಜನ ಸತ್ತೂ ಇದ್ದರು. "ಅಷ್ಟು ಮಂದಿ ಯಾಕ ಹೆದರಿದ್ರು ಸರ್? ಖರೇನ ಓಡಿದ್ರೇನ್ರಿ?" ಎಂದು ಫೋನು ಮುಂದೆ ಹಿಡಿದಳು. ನನ್ನ ಸುಳ್ಳು ಕೊಂದವರ ಲೆಕ್ಕ ಅಲ್ಲಿಗೆ ಮುಟ್ಟಿತ್ತು. ನಿಜವನ್ನು ಮೊದಲು ಕೇಳಿಸಿಕೊಳ್ಳಬೇಕಾದವನು ಬೇರೊಬ್ಬನಿದ್ದಾನೆ ತಾಯಿ ಎಂದು ಅವಳನ್ನು ಕಳಿಸಿ, ರೊಳ್ಳದ ಆಟೊ ಹತ್ತಿದೆ.

ಗೊಬ್ಬರದ ಮೂಟೆಯ ಮೇಲೆ ಕೂತು ಶಿವಣ್ಣನಿಗೆ ಎಲ್ಲ ಹೇಳಿದೆ. ಮೋಡ, ಕಣ, ಅಜ್ಜಿ, ನನ್ನ ನಾಲಿಗೆ — ಯಾವುದನ್ನೂ ಬಿಡಲಿಲ್ಲ. ಅವನು ತಕ್ಕಡಿಯ ತಟ್ಟೆಯನ್ನು ಒರೆಸಿಟ್ಟ.

"ಅಂಗಾರೆ ನನ್ನ ಕೂಗ ಯಾರೂ ಕೇಳ್ಲೇ ಇಲ್ವಾ?" ಅಂದ.

ನಾನೊಬ್ಬ ಕೇಳಿದೆ ಎನ್ನುವ ಸುಳ್ಳು ತುಟಿಯವರೆಗೆ ಬಂತು. ಎಷ್ಟು ಸಲೀಸಾಗಿ ಬಂತು!

"ಇಲ್ಲ ಕಣೋ. ನಾನೂ ಎದ್ದು ಓಡಿದ್ದೆ."

"ಕಳ್ಳೇಕಾಯಿ ನೆನೀತಾ?"

"ಇಲ್ಲ."

"ಸದ್ಯ" ಅಂದ ಶಿವಣ್ಣ.

ಕ್ಷಮೆ ಕೇಳಬೇಕೆಂದು ಹೋದವನು ನಾನು. ತನ್ನ ಗಂಟಲು ಮರೆತು ನಮ್ಮ ಕಾಯಿಗಾಗಿ ಆಡಿದ ಆ ಮಾತು ಕಿವಿಗೆ ಬಿದ್ದ ಮೇಲೆ, ಕ್ಷಮೆ ಕೇಳುವ ಮುಖವೂ ನನಗೆ ಉಳಿಯಲಿಲ್ಲ.