ಲೋಳೆ ಸಾಕುವ ಕಸುಬು

ನೆಂಟರ ಮುಂದೆ ನನ್ನ ಕೆಲಸ ಹೇಳಿಕೊಳ್ಳಲು ನನಗೆ ಸ್ವಲ್ಪ ಸಂಕೋಚ. ನಾನು ಲೋಳೆ ಬೆಳೆಸುತ್ತೇನೆ. ವಿಶಾಖಪಟ್ಟಣದಾಚೆ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು, ಶೌಚಾಲಯಗಳ ಕೊಳಚೆ ನೀರು ಶುದ್ಧವಾಗುವ ತೊಟ್ಟಿಗೆ ನಾನೇ ಯಜಮಾನಿ. ಅದರ ತುಂಬ ನಾಣ್ಯದಗಲದ ಪ್ಲಾಸ್ಟಿಕ್ ಬಿಲ್ಲೆಗಳು ತೇಲುತ್ತವೆ. ಸೂಕ್ಷ್ಮಜೀವಿಗಳಿಗೂ ನಮ್ಮಂತೆ ಬಾಡಿಗೆಗಾದರೂ ಒಂದು ನೆಲೆ ಬೇಕಷ್ಟೆ. ಒರಟು ಮೈ ಸಿಕ್ಕರೆ ಲೋಳೆಯಾಗಿ ಅಂಟಿಕೊಂಡು, ಸಂಸಾರ ಹೂಡಿ, ಕೊಳೆ ತಿಂದುಕೊಂಡಿರುತ್ತವೆ. ಊರೆಲ್ಲ ಉಜ್ಜಿ ಬಿಸಾಡುವುದನ್ನು ನಾನು ಸಂಬಳಕ್ಕೆ ಸಾಕುತ್ತೇನೆ.

ಕಳೆದ ವರ್ಷ ಕ್ಯಾಂಟೀನಿನವರು ಯಾವುದೋ ಸಮಾರಂಭಕ್ಕೆಂದು ಮೋರಿಗೆ ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿದರು. ಸಂಜೆಯೊಳಗೆ ನನ್ನ ಲೋಳೆಯೆಲ್ಲ ಸತ್ತಿತು. ವಾರದೊಳಗೆ ನೀರು ತಿಳಿಯಾಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆಂದು ಮ್ಯಾನೇಜರು "ಮೇಡಂ ಗಾರು" ಸೇರಿಸಿಯೇ ತಿಳಿಸಿದರು. ನಾನು ವಿಜಯವಾಡಕ್ಕೆ ಓಡಿ, ಅಲ್ಲಿನ ಶುದ್ಧೀಕರಣ ಘಟಕದ ಗೆಳತಿಯನ್ನು ಕಾಡಿ ಬೇಡಿ, ಲೋಳೆಗಟ್ಟಿದ ಒಂದು ಚೀಲ ಬಿಲ್ಲೆ ಪಡೆದೆ. ರೈಲಿಗೆ ಇನ್ನೂ ಹೊತ್ತಿತ್ತು. ಅಲ್ಲೇ ಬೆಂಜ್ ಸರ್ಕಲ್ ಹತ್ತಿರದ ಸೋದರತ್ತೆಯ ಮನೆಯಲ್ಲಿ ಉಂಡು ಒಂದು ನಿದ್ದೆ ತೆಗೆದೆ.

ಎದ್ದರೆ ಬಿಲ್ಲೆಗಳು ತಾರಸಿಯ ಬಿಸಿಲಲ್ಲಿ ಸಂಡಿಗೆಯಂತೆ ಹರಡಿಕೊಂಡಿದ್ದವು. ಫಳಫಳ ಹೊಳೆಯುತ್ತಿದ್ದವು. ಅತ್ತೆ ಬಳ್ಳಾರಿಯವರು, ತೆಲುಗು ಮನೆ ಸೇರಿ ನಲವತ್ತು ವರ್ಷವಾದರೂ ಶುಚಿ ಬಿಟ್ಟವರಲ್ಲ.

"ಎಂಥಾ ವಾಸನಿ ಅಂತೀ! ಸೋಪಿನ ಪುಡಿ ಹಾಕಿ ಮೂರು ನೀರಾಗ ತೊಳದೀನಿ ನೋಡವ್ವಾ," ಎಂದರು.

ನನಗೆ ಅಳುವೇ ಬಂದುಬಿಟ್ಟಿತು. ಅಳುತ್ತಲೇ ಮೇಲ್ಮೈ, ಬ್ಯಾಕ್ಟೀರಿಯಾ, ಆಮ್ಲಜನಕ ಎಂದು ಎರಡು ಸೆಮಿಸ್ಟರಿನ ಪಾಠ ಒಪ್ಪಿಸಿದೆ. ಅತ್ತೆಗೆ ಒಂದಕ್ಷರ ಹತ್ತಲಿಲ್ಲ. ಕೊನೆಗೆ ಸೋತು, "ಇಷ್ಟು ಹಾಕಿದ್ರೆ ತೊಟ್ಟಿಯೆಲ್ಲ ಬೆಳೀತಿತ್ತು ಅತ್ತೆ," ಎಂದೆ.

"ಅಯ್ಯೋ ನಿನ್ನ! ಹೆಪ್ಪು ಅಂತ ಮೊದ್ಲೇ ಹೇಳಬಾರ್ದೇನು? ಹೆಪ್ಪು ಯಾರರ ತೊಳೀತಾರೇನು? ಇಂಜಿನಿಯರ್ ಅಂತ, ಇಂಜಿನಿಯರ್!"

ಬೈದು, ಸೀರೆ ಬದಲಿಸಿ, ನನ್ನನ್ನು ಎಳೆದುಕೊಂಡು ಗೆಳತಿಯ ಬಳಿ ನಡೆದರು. ತಪ್ಪು ತಮ್ಮದೆಂದು ಅವರೇ ಒಪ್ಪಿಕೊಂಡು ಇನ್ನೊಂದು ಚೀಲ ಕೊಡಿಸಿದರು. ನನ್ನ ಮೇಲೆ ನಂಬಿಕೆ ಸಾಲದೆ ಅಚ್ಯುತಾಪುರದವರೆಗೂ ಬಂದರು. ಬಿಲ್ಲೆ ಸುರಿದ ಮೇಲೆ ತೊಟ್ಟಿಯ ಪಕ್ಕ ನಿಂತು, "ಹೆಪ್ಪು ಹಾಕಿದ್ಮ್ಯಾಲೆ ಅಲುಗಾಡಿಸಬಾರ್ದು. ತಿಳೀತಿಲ್ಲೋ?" ಎಂದು ಕಟ್ಟಪ್ಪಣೆ ಮಾಡಿ ಊರಿಗೆ ಹೊರಟರು.

ಆ ತೊಟ್ಟಿಗೆ ಹಗಲೂ ರಾತ್ರಿ ಗಾಳಿ ಊದಿ ಕದಡುತ್ತಲೇ ಇರಬೇಕು. ಇಲ್ಲದಿದ್ದರೆ ಒಂದು ಜೀವವೂ ಉಳಿಯದು. ಇಷ್ಟನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಆರನೇ ದಿನ ನೀರು ತಿಳಿಯಾಯಿತು, ಕೆಲಸ ಉಳಿಯಿತು. ತೊಟ್ಟಿಯ ಪಕ್ಕದಿಂದಲೇ ಮೊದಲು ಅತ್ತೆಗೆ ಫೋನ್ ಮಾಡಿದೆ.

"ಅಲುಗಾಡಿಸಲಿಲ್ಲ ಅಲ್ಲಾ?"

"ಇಲ್ಲ ಅತ್ತೆ."

"ಮತ್ತ ಅದೇನು ಸದ್ದು?"

"ಮಳೆ, ಅತ್ತೆ."