ಚಿಕ್ಕಮ್ಮ ಬೀದಿಯಲ್ಲಿ ಹಾಡಿದ ಸಂಜೆ

ಕೆಲವು ವರ್ಷಗಳಿಂದ ನಮ್ಮ ಕುಮಟೆಯಲ್ಲಿ ಮೇ ತಿಂಗಳ ಒಂದು ಶನಿವಾರ, ಭಾನುವಾರ ಸಂಜೆ ಪೇಟೆ ಬೀದಿಗೆ ಗಾಡಿ ಬಿಡುವುದಿಲ್ಲ. ಬೀದಿಯುದ್ದಕ್ಕೂ ಹಾಡು. ಟಿಕೆಟಿಲ್ಲ, ಪಾಸಿಲ್ಲ, ಮುಂದಿನ ಸಾಲಿನ ಕುರ್ಚಿಗಳಿಲ್ಲ. ಒಂದು ತಿರುವಿನಲ್ಲಿ ಸ್ಯಾಕ್ಸೊಫೋನ್, ಮುಂದೆ ಕೊಂಕಣಿ ಹಾಡಿನವರು, ಮೀನುಪೇಟೆಯ ಕಡೆಗೆ ಭಟ್ಕಳದಿಂದ ಬಂದ ಕವ್ವಾಲಿಯವರು. ಸೆಕೆಗೆ ಮನೆಯೊಳಗೆ ಕೂರಲಾಗದ ಊರೆಲ್ಲ ಅಲ್ಲಿರುತ್ತದೆ.

ಎರಡು ಬೇಸಿಗೆಯ ಹಿಂದೆ ಅಮ್ಮ ತಾನಾಗಿಯೇ ಫೋನು ಮಾಡಿ ಭಟ್ಕಳದ ಕಡೆಯ ಮಾವಳ್ಳಿಯಿಂದ ತನ್ನ ತಂಗಿಯನ್ನು ಕರೆಸಿದಳು. ಮದುವೆಯಾಗದೆ ಅಮ್ಮನ ಜೊತೆಗೇ ಇರುವ ನನಗೆ ಇದು ವಿಚಿತ್ರ ಅನ್ನಿಸಿತು. ಯಾರದಾದರೂ ಮದುವೆಯಲ್ಲೋ ತಿಥಿಯಲ್ಲೋ ಎದುರಾದರೆ ಮಾತಾಡುವಷ್ಟೇ ಸಲಿಗೆ ಅವರಿಬ್ಬರದ್ದು. ಚಿಕ್ಕಮ್ಮನಿಗೆ ಮಾತ್ರ ಖುಷಿಯೋ ಖುಷಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಬಸ್ಸಿಳಿಯುವಾಗಲೇ ಮುಡಿಯಲ್ಲಿ ಮಲ್ಲಿಗೆ ದಂಡೆ ಇತ್ತು, ನಮ್ಮಿಬ್ಬರಿಗೂ ಒಂದೊಂದು ತಂದಿದ್ದಳು.

ಅಕ್ಕತಂಗಿಯರ ನಡುವಿನ ಕಥೆ ನಮ್ಮ ಬಳಗಕ್ಕೆಲ್ಲ ಗೊತ್ತಿದ್ದದ್ದೇ. ಹೊನ್ನಾವರದ ಅಜ್ಜನ ಮನೆಗೆ ಗಂಡಿನವರು ಬಂದದ್ದು ಅಮ್ಮನನ್ನು ನೋಡಲು. ಉಪ್ಪಿಟ್ಟು, ಚಾ ಆದಮೇಲೆ ಯಾರೋ ಹಾಡು ಕೇಳಿದರು. ಅಮ್ಮನಿಗೆ ಹಾಡಲು ಬರುತ್ತಿರಲಿಲ್ಲ, ತಂಗಿಯನ್ನು ಕೂರಿಸಿ ಹಾಡಿಸಿದರು. ವಾರ ಕಳೆದು ಹೇಳಿಕೆ ಬಂತು: ಕಿರಿಯವಳನ್ನು ಕೊಡುವುದಾದರೆ ಆದೀತು. ಕೊಟ್ಟರು. ನನ್ನ ಅಪ್ಪ ಆಮೇಲೆ ಸಿಕ್ಕ ಗಂಡು. ಅವನು ಬದುಕಿದ್ದಷ್ಟು ದಿನವೂ ಅಮ್ಮ ಅವನನ್ನು ಹಾಗೆಯೇ ನೋಡಿದಳು.

ಆ ಸಂಜೆ ಮೂವರೂ ಬೀದಿಯಲ್ಲಿ ನಡೆದೆವು. ಚಿಕ್ಕಮ್ಮ ಪ್ರತಿ ಗುಂಪಿನ ಎದುರೂ ನಿಂತಳು. ಸ್ಯಾಕ್ಸೊಫೋನಿನವನ ಕೆನ್ನೆ ಉಬ್ಬುವುದನ್ನು ನೋಡಿ ನಕ್ಕಳು. ಕೊಂಕಣಿ ಹಾಡಿಗೆ ನೆರೆಯವರಿಂದ ಕಲಿತ ಮಾತು ಸೇರಿಸಿ ಗುನುಗಲು ಹೋಗಿ ತಟ್ಟನೆ ನಿಲ್ಲಿಸಿದಳು. ಹಿಂದಿನ ವರ್ಷ ಅವಳ ಗಂಟಲಿನ ಗಡ್ಡೆ ತೆಗೆದಿದ್ದರು. ಮಾತಿಗೆ ತೊಂದರೆಯಿರಲಿಲ್ಲ, ಆದರೆ ದನಿ ಸ್ವಲ್ಪ ಏರಿಸಿದರೂ ಒಡೆಯುತ್ತಿತ್ತು. ಬಳಗದವರ ಜೊತೆ ನೋಡಲು ಹೋದ ಅಮ್ಮನೂ ಆಗ ಆಸ್ಪತ್ರೆಯಲ್ಲಿದ್ದಳು, ಇನ್ನು ಹಾಡುವ ಆಸೆ ಬೇಡ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು.

ಬೀದಿಯ ನಡುವೆ ಯಾರು ಬೇಕಾದರೂ ಹಾಡಬಹುದಾದ ಸಣ್ಣ ವೇದಿಕೆಯಿತ್ತು. ಅಮ್ಮ ನೀರಿನ ಬಾಟಲಿ ತರುತ್ತೇನೆಂದು ಹೋದವಳು ಮೈಕ್ ಹಿಡಿದ ನಿರೂಪಕನ ಕಿವಿಯಲ್ಲಿ ಏನೋ ಹೇಳಿ ಬಂದಳು. ರೇಡಿಯೋದಲ್ಲಿ ಹಾಡುತ್ತಿದ್ದ ಹಿರಿಯ ಕಲಾವಿದೆಯೊಬ್ಬರು ನಮ್ಮ ನಡುವೆ ಇದ್ದಾರೆ ಎಂದು ಅವನು ಕೂಗಿ ಚಿಕ್ಕಮ್ಮನತ್ತ ಕೈ ತೋರಿಸಿದ. ಅವಳು ರೇಡಿಯೋ ಸ್ಟೇಷನ್ನಿನ ಬಾಗಿಲನ್ನೂ ಕಂಡವಳಲ್ಲ. ಜನ ಚಪ್ಪಾಳೆ ಹೊಡೆದು ದಾರಿ ಬಿಟ್ಟರು. ಬೇಡ, ಗಂಟಲು ಸರಿಯಿಲ್ಲ ಎಂದು ಚಿಕ್ಕಮ್ಮ ಹಿಂದೆ ಸರಿದಳು.

"ಹೋಗೆ. ಇಷ್ಟು ಜನ ಕೇಳ್ತಾ ಇದಾರೆ," ಎಂದು ಅಮ್ಮ ಅವಳ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದಳು.

ಚಿಕ್ಕಮ್ಮ ಹೋದಳು. ನೂಕಿದ್ದಕ್ಕಷ್ಟೇ ಹೋದಳೆಂದು ನನಗೆ ಅನ್ನಿಸುವುದಿಲ್ಲ. ಚಪ್ಪಾಳೆ ಕೇಳಿದಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಹಸೆಗೆ ಕರೆಯುವ ಮದುವೆ ಹಾಡನ್ನು ಶುರುಮಾಡಿದಳು. ಮೊದಲ ಸಾಲು ಕೆಳಗಿನ ದನಿಯಲ್ಲಿ ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ದನಿ ಏರಬೇಕು. ಬಟ್ಟೆ ಹರಿದಂತೆ ಒಂದು ಸದ್ದು ಬಂತು. ಅವಳು ಕೆಮ್ಮಿ ಮತ್ತೆ ಹಿಡಿದಳು, ಮತ್ತೆ ಅದೇ. ಮುಂದೆ ನಿಂತ ಹುಡುಗರಲ್ಲೊಬ್ಬ ಆಡಿನ ಹಾಗೆ ಅರಚಿದ. ನಗು ಹಿಂದಿನವರೆಗೂ ಹರಡಿತು, ಮೊಬೈಲುಗಳು ಮೇಲೆದ್ದವು. ರೇಡಿಯೋದ ಬ್ಯಾಟರಿ ಹೋಯ್ತು, ಆಂಟಿಗೆ ಯಾರಾದರೂ ಬಿಸಿನೀರು ಕೊಡಿ ಎಂದು ನಿರೂಪಕ ಮೈಕಿನಲ್ಲೇ ಹೇಳಿದ. ಅಮ್ಮನತ್ತ ತಿರುಗಿದೆ. ಅವಳು ನಗುತ್ತಿರಲಿಲ್ಲ. ಹಸಿದವರು ಊಟಕ್ಕೆ ಕೂತಹಾಗೆ, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಇಳಿದು ಬಂದವಳನ್ನು ಮನೆಗೆ ಹೋಗೋಣ ಎಂದು ಕರೆದೆ. ಅವಳು ಒಪ್ಪಲಿಲ್ಲ, ಕವ್ವಾಲಿ ಕೇಳಬೇಕು ಎಂದಳು. ಅಲ್ಲಿ ಜನರ ನಡುವೆ ನಿಂತು, ಅವರ ಜೊತೆಗೇ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕಿದಳು. ಪೂರ್ತಿ ಕೇಳಿದಳು. ಕಾಲು ನೋಯುತ್ತದೆ ಎಂದು ಅಮ್ಮ ಪಕ್ಕದ ತಳ್ಳುಗಾಡಿಯ ಹತ್ತಿರ ಹೋಗಿ ಮುರುಗಲು ಶರಬತ್ತು ತೆಗೆದುಕೊಂಡಳು. ಚಿಕ್ಕಮ್ಮನೂ ಬಂದು ಅವಳ ಎದುರು ನಿಂತಳು.

"ಸಮಾಧಾನ ಆತಾ ಅಕ್ಕ?"

"ನಂಗೆಂತ ಸಮಾಧಾನ? ಹಾಡಿದ್ದು ನೀನಲ್ದಾ," ಎಂದಳು ಅಮ್ಮ.

ಚಿಕ್ಕಮ್ಮ ಹವೆಯ ವಿಷಯ ಹೇಳುವವಳ ಹಾಗೆ ಹೇಳಿದಳು: "ಗಂಡಿನವ್ರು ನಿನ್ನ ಬಿಟ್ಟದ್ದು ನನ್ನ ಹಾಡು ಕೇಳಿ ಅಲ್ಲ. ಒಳಗೆ ನೀನು ಆಯಿಗೆ ಬೈತಾ ಇದ್ದದ್ದು ಜಗಲಿಗೆ ಕೇಳ್ತಾ ಇತ್ತಂತೆ, ನಮ್ಮನೆಯವ್ರೇ ಹೇಳಿದ್ದು. ಹೆತ್ತ ತಾಯಿಗೆ ಹೀಂಗೆ ಮಾತಾಡೋಳು ಬೇಡ ಅಂತ ಅವಾಗ್ಲೇ ನಿಶ್ಚಯ ಮಾಡಿದ್ರಂತೆ. ನಾನು ಮೂಕಿ ಆಗಿದ್ರೂ ನಿನ್ನ ಕಟ್ಕೊಳ್ತಿರ್ಲಿಲ್ಲ. ಇಷ್ಟು ವರ್ಷ ನಿಂಗೆ ಹೇಳ್ಬಾರ್ದು ಅಂತ ಇದ್ದೆ."

ಅಮ್ಮ ಅರ್ಧ ಕುಡಿದ ಲೋಟವನ್ನು ಗಾಡಿಯ ಮೇಲಿಟ್ಟಳು. ಏನೋ ಹೇಳಲು ಹೊರಟವಳು ಸುತ್ತಲಿನ ಜನರನ್ನು ನೋಡಿ ಬಾಯಿ ಮುಚ್ಚಿದಳು.

ಬೆಳಿಗ್ಗೆ ನಾವು ಏಳುವ ಮೊದಲೇ ಚಿಕ್ಕಮ್ಮ ಬಸ್ಸು ಹತ್ತಿದ್ದಳು. ಚಿಕ್ಕಪ್ಪ ನಿಜವಾಗಿಯೂ ಹಾಗೆ ಹೇಳಿದ್ದನೋ, ಶರಬತ್ತಿನ ಗಾಡಿಯ ಎದುರಿಗೇ ಆ ಮಾತು ಹುಟ್ಟಿತೋ ನನಗೆ ತಿಳಿಯದು. ಕೇಳೋಣವೆಂದರೆ ಹೇಳಬೇಕಾದವನೇ ಇಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಅಮ್ಮ ಹರಿವೆ ಸೊಪ್ಪು ಸೋಸುತ್ತ, ತಲೆಯೆತ್ತದೆ, ತನ್ನ ಮಾತು ಅಷ್ಟು ಕೆಟ್ಟದಾಗಿರುತ್ತದೆಯೇ ಎಂದು ಕೇಳಿದಳು. ಬಾಲ್ಯದಿಂದ ಅದನ್ನು ಕೇಳುತ್ತ ಬಂದವಳು ನಾನು. ಹೌದು ಎಂದೆ. ಅವಳು ಸೊಪ್ಪಿನ ದಂಟು ಮುರಿಯುತ್ತ ಕೂತಳು.

ಈಗ ಅಮ್ಮ ಪಿಸುಗುಟ್ಟುವ ಹಾಗೆ ಮಾತಾಡುತ್ತಾಳೆ. ಮೀನು ಮಾರುವವಳು, ಕೇಳುದಿಲ್ಲ, ಗಟ್ಟಿ ಹೇಳಿ ಎಂದು ರೇಗುತ್ತಾಳೆ. ಹೊನ್ನಾವರದ ಒಂದು ಮದುವೆಯಲ್ಲಿ ಅಕ್ಕತಂಗಿಯರು ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಂಡರು, ಒಬ್ಬರನ್ನೊಬ್ಬರು ಕಾಣದವರಂತೆ ಎದ್ದರು. ಈ ವರ್ಷದ ಬೀದಿ ಹಾಡಿಗೆ ನಾನೊಬ್ಬಳೇ ಹೋಗಿದ್ದೆ. ಚೆನ್ನಾಗಿತ್ತು. ಕೊನೆಯವರೆಗೂ ಇದ್ದೆ.